ಪೊಲೀಸಮ್ಮ ಹೇಳಿದ ಸುಳ್ಳು

ಪೊಲೀಸಮ್ಮನ ಎಡಗಿವಿಯ ಹಾಲೆ ಹರಿದು ಎರಡಾಗಿತ್ತು. ಯಾರನ್ನೋ ಹಿಡಿಯಲು ಹೋದಾಗ ಓಲೆ ಕಿತ್ತುಹೋಗಿತ್ತಂತೆ. ಅಮೆರಿಕದ ಸಾಂಟಾ ಕ್ಲಾರಾದ ನನ್ನ ಹೋಟೆಲಿಗೆ ದಿನಾ ಹತ್ತಕ್ಕೆ ಬಂದು, ಬಾಗಿಲ ಕಡೆ ಮುಖಮಾಡಿ ಕೂತು, ಇಡ್ಲಿಯನ್ನು ಫೋರ್ಕಿನಿಂದ ಚುಚ್ಚಿ ತಿನ್ನುತ್ತಿದ್ದರು. ದುಡ್ಡು ಬೇಡವೆಂದರೆ ಮರುದಿನ ಬರುತ್ತಿರಲಿಲ್ಲ. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ನನ್ನ ಇಂಗ್ಲಿಷನ್ನು ತಾಳ್ಮೆಯಿಂದ ಕೇಳುತ್ತಿದ್ದವರು ಅವರೊಬ್ಬರೇ.

ಒಂದು ರಜೆಯ ದಿನ ಯೂನಿಫಾರಂ ಇಲ್ಲದೆ ಬಂದು ಕಾಗದವೊಂದನ್ನು ಮುಂದಿಟ್ಟರು. ಡ್ರಗ್ಸು ಹೆಚ್ಚಾಗಿ ಉಸಿರು ನಿಂತವರ ಮೂಗಿಗೆ ಹೊಡೆಯುವ ಔಷಧಿಯೊಂದಿದೆಯಂತೆ. ಅದು ಪ್ರತಿ ಪೊಲೀಸಿನವರ ಹತ್ತಿರವೂ ಇರಲು ಸಿಟಿ ಕೌನ್ಸಿಲಿನವರು ದುಡ್ಡು ಕೊಡಬೇಕು, ಆ ಅರ್ಜಿಗೆ ಅಂಗಡಿಯವರ ಸಹಿ ಬೇಕು.

"ನಾನು ನಾಲ್ಕಕ್ಕೆ ಎದ್ದು ರುಬ್ಬಿ ಟ್ಯಾಕ್ಸ್ ಕಟ್ಟೋದು ಅಮಲಲ್ಲಿ ಬೀಳೋರಿಗಾ ಮೇಡಂ?" ಅಂದೆ.

"ಆಯ್ತು ಬಾಸ್, ಚಟ್ನಿನಾದ್ರೂ ಕೊಡ್ತೀರಾ?" ಎಂದು ನಕ್ಕು ಕಾಗದ ಮಡಚಿಕೊಂಡರು.

ನನ್ನ ಸಹಿಯಿಲ್ಲದೆಯೇ ಸಿಟಿ ದುಡ್ಡು ಕೊಟ್ಟಿತು.

ಆರು ತಿಂಗಳಾಗಿರಬಹುದು. ದೋಸೆ ಹಾಕುತ್ತಿದ್ದ ನನ್ನ ಬಾಮೈದ ಧೊಪ್ಪನೆ ಬಿದ್ದ. ತುಟಿ ನೀಲಿಗಟ್ಟಿತ್ತು. ನಾನು ಮೂರ್ಛೆರೋಗವೆಂದುಕೊಂಡೆ. ಊರಿನಲ್ಲಿ ಮಾಡುವಂತೆ ಬೀಗದ ಕೈಗಳ ಗೊಂಚಲನ್ನು ಅವನ ಅಂಗೈಗೆ ಒತ್ತಿ ಹಿಡಿದು, "ಈರುಳ್ಳಿ ಹೆಚ್ಚಿ ಮೂಗಿಗೆ ಹಿಡೀರೋ" ಎಂದು ಕೂಗುತ್ತಿದ್ದೆ. ಇಡ್ಲಿ ಬಿಟ್ಟು ಎದ್ದುಬಂದ ಪೊಲೀಸಮ್ಮ ನನ್ನನ್ನು ಪಕ್ಕಕ್ಕೆ ತಳ್ಳಿದರು.

"ಏನು ತಗೊಂಡಿದ್ದಾನೆ?"

"ನಮ್ಮ ಮನೆಯವರು ಅಂಥದ್ದೆಲ್ಲ ಮುಟ್ಟಲ್ಲ!"

"ಮೊದಲು ಉಸಿರು. ನಿಮ್ಮ ಮರ್ಯಾದೆ ಆಮೇಲೆ."

ಮೂಗಿಗೆ ಔಷಧಿ ಹೊಡೆದರು. ಏನೂ ಆಗಲಿಲ್ಲ. ಬಾಯಿಗೆ ಉಸಿರು ಊದುತ್ತಲೇ ಇನ್ನೊಂದು ಸಲ ಹೊಡೆದರು. ಅವನ ಎದೆ ಒಮ್ಮೆಲೇ ಮೇಲೆದ್ದಿತು. ಬೆನ್ನುನೋವಿಗೆಂದು ಯಾರೋ ಕೊಟ್ಟ ಒಂದೇ ಒಂದು ಮಾತ್ರೆ ನುಂಗಿದ್ದನಂತೆ. ಒಂದೇ ಒಂದು! ಅದರಲ್ಲಿ ಡ್ರಗ್ಸು ಬೆರೆಸಿದ್ದರೆಂದು ಆಮೇಲೆ ಗೊತ್ತಾಯಿತು.

ಅವನನ್ನು ಆಂಬುಲೆನ್ಸಿಗೆ ಒಯ್ಯುವಾಗ ಗಿರಾಕಿಗಳು, ಎಲ್ಲ ನಮ್ಮ ಕನ್ನಡದವರೇ, ಏನಾಯಿತೆಂದು ಮುತ್ತಿಕೊಂಡರು. ಪೊಲೀಸಮ್ಮ ನನ್ನ ಮುಖ ನೋಡಿ, "ಬಿಪಿ ಇಳಿದಿತ್ತು" ಅಂದರು. ಎರಡು ವರ್ಷ ನಾನೂ ಎಲ್ಲರಿಗೂ ಅದನ್ನೇ ಹೇಳಿದೆ.

ಹೋದ ತಿಂಗಳು ಅವರು ಕ್ಯಾನ್ಸರಿನಿಂದ ತೀರಿಕೊಂಡರು. ಅಂತ್ಯಕ್ರಿಯೆಯ ದಿನ ಚರ್ಚಿನಲ್ಲಿ ಅವರ ತಾಯಿ ನನ್ನ ಮತ್ತು ಬಾಮೈದನ ಕೈ ಹಿಡಿದು, ಮಗಳ ಪರಿಚಯ ಹೇಗೆಂದು ಕೇಳಿದರು. ಹಿಂದೆಯೇ ನಮ್ಮ ಗಿರಾಕಿಗಳು ನಿಂತಿದ್ದರು. ನಾನು ಅವರತ್ತ ತಿರುಗಿ ನೋಡಿದೆ.

"ಹೇಳಿ ಭಾವ," ಅಂದ ಬಾಮೈದ.

"ಇವನು ಡ್ರಗ್ಸ್ ಮಾತ್ರೆ ನುಂಗಿ ಬಿದ್ದಿದ್ದ ತಾಯಿ," ಎಂದೆ, ಎಲ್ಲರಿಗೂ ಕೇಳುವಂತೆ. "ಉಸಿರಿರಲಿಲ್ಲ. ನಿಮ್ಮ ಮಗಳು ಎಬ್ಬಿಸಿದ್ರು, ನಾನು ಬೇಡ ಅಂದಿದ್ದ ಔಷಧೀಲಿ."

ಆಕೆ ಬಾಮೈದನ ಎದೆಯ ಮೇಲೆ ಅಂಗೈಯಿಟ್ಟು, ಬಹಳ ಹೊತ್ತು ತೆಗೆಯಲೇ ಇಲ್ಲ.