ಮಗ್ಗದ ಶೆಡ್ಡಿನ ಕೈಮಾತು

ಮೊನ್ನೆ ಜಮಖಂಡಿಯ ನಮ್ಮ ತರಬೇತಿ ಕೇಂದ್ರದಲ್ಲಿ ಎಂಟು ಮಂದಿ ಒಂದೇ ಲ್ಯಾಪ್‌ಟಾಪಿನ ಮುಂದೆ ಕುತ್ತಿಗೆ ಚಾಚಿ ಕೂತಿದ್ದೆವು. ದೊಡ್ಡ ಊರಿನ ಸಾಹೇಬರೊಬ್ಬರು ‘ನಾಳಿನ ಕೆಲಸದಲ್ಲಿ ಎಲ್ಲರಿಗೂ ಜಾಗ’ ಎಂಬ ಬಗ್ಗೆ ಮಾತನಾಡುವವರಿದ್ದರು. ಮಾತನಾಡಿದರು ಕೂಡ. ಹುಬ್ಬೇರಿಸಿದರು, ಬೆರಳು ಮಡಚಿದರು, ಎದೆಯ ಮೇಲೆ ಕೈ ಇಟ್ಟುಕೊಂಡರು. ದನಿ ಮಾತ್ರ ಬರಲಿಲ್ಲ. ಮ್ಯೂಟ್ ತೆಗೆಯಲು ಮರೆತಿದ್ದರು. ಉಳಿದವರು ತಂತಿ ಅಲ್ಲಾಡಿಸಿ, ಲ್ಯಾಪ್‌ಟಾಪಿನ ಬೆನ್ನು ತಟ್ಟಿ ಗಾಬರಿಯಾದರೆ, ನಾನೊಬ್ಬ ಆರಾಮಾಗಿ ತಲೆದೂಗುತ್ತಿದ್ದೆ.

“ನಿನಗೇನ್ ತಿಳೀತಲೇ?” ಎಂದ ಪಕ್ಕದವನು.

“ನೆಗಡಿ ಆಗೇತಂತ. ಅದಕ್ಕ ತಡಾ ಆತಂತ.”

ಅರ್ಧ ಖರೆ, ಅರ್ಧ ನನ್ನ ಹಳೆಯ ಚಟ. ಆದರೆ ತುಟಿ ನೋಡಿ ಮಾತು ಹಿಡಿಯುವ ಈ ವಿದ್ಯೆಯನ್ನು ನಾನು ಯಾವ ಕೇಂದ್ರದಲ್ಲೂ ಕಲಿತದ್ದಲ್ಲ. ಡಿಗ್ರಿ ಮುಗಿಸಿ, ಕೆಲಸ ಸಿಗದೆ, ಬನಹಟ್ಟಿಯ ಒಂದು ಮಗ್ಗದ ಶೆಡ್ಡಿನಲ್ಲಿ ಎರಡು ವರ್ಷ ಸೀರೆ ನೇಯ್ದಾಗ ಕಲಿತದ್ದು.

ನಿಮಗೆ ಆ ಶೆಡ್ಡಿನ ಸಪ್ಪಳ ಹೇಗೆ ಹೇಳಲಿ? ಹನ್ನೆರಡು ಮಗ್ಗ ಒಟ್ಟಿಗೆ ಓಡುವಾಗ ನಿಮ್ಮ ಕೆಮ್ಮು ನಿಮಗೇ ಕೇಳುವುದಿಲ್ಲ. ಗಂಟಲೇ ನನ್ನ ಆಸ್ತಿ ಎಂದುಕೊಂಡಿದ್ದವನು ನಾನು. ಮುಧೋಳ ಬಸ್ಸಿನ ಕಂಡಕ್ಟರನಿಂದ ನಮ್ಮಪ್ಪನವರೆಗೆ ಯಾರ ದನಿಯನ್ನೂ ಅಣಕಿಸದೆ ಬಿಟ್ಟವನಲ್ಲ. ಮೊದಲ ದಿನವೇ ಆ ಆಸ್ತಿ ಮುಳುಗಿತು. ಅಲ್ಲಿ ಎಲ್ಲರೂ ಕೈ ಆಡಿಸಿ, ದನಿಯಿಲ್ಲದೆ ತುಟಿ ಆಡಿಸಿ ಮಾತನಾಡುತ್ತಿದ್ದರು. ಮೀಸೆ ತಿರುವಿದರೆ ಶೆಡ್ಡಿನ ಮಾಲಕರಾದ ಸಾವುಕಾರರು ಬಂದರು ಅಂತ. ಎರಡು ಬೆರಳು ಚಿವುಟಿದಂತೆ ಮಾಡಿದರೆ ಎಳೆ ಕಡಿಯಿತು ಅಂತ. ಹಿರಿಯಳಾದ ನೀಲವ್ವ ಕಾಕಿಯಂತೂ ನಾಲ್ಕು ಮಗ್ಗದಾಚೆ ನಿಂತು ತನ್ನ ಸೊಸೆಯ ಪುರಾಣವನ್ನು ಒಂದು ಶಬ್ದವೂ ಇಲ್ಲದೆ ಮುಗಿಸುತ್ತಿದ್ದಳು.

ಆ ಕಾಕಿ ಒಂದು ದಿನ ತನ್ನ ತಂಗಿಯ ಮಗಳನ್ನು ಕರೆತಂದಳು. ಹುನ್ನೂರಿನ ಕಸ್ತೂರಿ. ಚಿಕ್ಕಂದಿನಲ್ಲಿ ಜ್ವರ ಬಂದು ಎರಡೂ ಕಿವಿ ಹೋಗಿದ್ದವು, ಜೊತೆಗೆ ಮಾತೂ. ಎರಡು ಶೆಡ್ಡಿನವರು ಆಗಲೇ ಬೇಡವೆಂದು ಕಳಿಸಿದ್ದರು.

“ಲಾಳಿ ಸಿಡದ್ರ ಈಕಿಗೆ ಹೆಂಗ ಕೂಗಿ ಹೇಳೂದ ಯವ್ವಾ?” ಎಂದರು ಸಾವುಕಾರರು. ಮಗ್ಗದಿಂದ ಹಾರಿದ ಲಾಳಿ ತಲೆಗೆ ಬಡಿದರೆ ತಮಾಷೆಯಲ್ಲ. ಅವರ ಅಂಜಿಕೆ ಸುಳ್ಳೂ ಅಲ್ಲ.

“ಎಂಟ ದಿನಾ ನೋಡ್ರಿ. ನನ್ನ ಬಾಜೂ ಮಗ್ಗಕ್ಕ ಹಚ್ಚಿ ಕಲಸ್ತೇನಿ. ಆಮ್ಯಾಲೆ ನೀವು ಹೇಳಿದಂಗ ಆಗ್ಲಿ.”

ಕಸ್ತೂರಿ ಮಗ್ಗದ ಚೌಕಟ್ಟಿಗೆ ಅಂಗೈ ಒತ್ತಿ ನಿಲ್ಲುತ್ತಿದ್ದಳು. ಓಟ ತಪ್ಪಿದರೆ ನಮ್ಮ ಕಿವಿಗೆ ತಿಳಿಯುವ ಮೊದಲೇ ಅವಳ ಕೈಗೆ ತಿಳಿಯುತ್ತಿತ್ತು. ನಾನು ಆರು ತಿಂಗಳು ತಡಕಾಡಿದ ಕೈಮಾತು ಅವಳಿಗೆ ಎರಡೇ ದಿನಕ್ಕೆ ಬಂತು. ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ನೀವೂ ನಂಬುವುದಿಲ್ಲ.

ಎಂಟನೆಯ ದಿನ ಸಾವುಕಾರರು ಅವಳ ಬೆನ್ನ ಹಿಂದೆ ಬಂದು ನಿಂತರು. “ಕಸ್ತೂರೀ!” ಎಂದು ಬಾಯಿ ತೆರೆದದ್ದು ಕಂಡಿತು. ಅವಳು ತಿರುಗಲಿಲ್ಲ. ಅವರು ಕಾಕಿಯತ್ತ ನೋಡಿ, ಆಗುವುದಿಲ್ಲ ಎಂದು ಕೈ ಆಡಿಸಿದರು. ಕಾಕಿಯ ಮುಖ ಬಾಡಿತು.

ನನಗೆ ಆಗ ದೊಡ್ಡ ಸಮಾಜಸೇವೆಯ ಬುದ್ಧಿ ಹುಟ್ಟಿತು ಎಂದರೆ ಸುಳ್ಳು. ಸಾವುಕಾರರ ಬೆನ್ನು ಕಂಡರೆ ಅಣಕಿಸದೆ ಇರಲು ನನಗೆ ಆಗುತ್ತಿರಲಿಲ್ಲ, ಅಷ್ಟೆ. ಅವರ ಹಿಂದೆ ಹೊಟ್ಟೆ ಉಬ್ಬಿಸಿ ನಿಂತು, ಕೈಯಲ್ಲೂ ಮಾಡಿ ತೋರಿಸುತ್ತ, ಗಂಟಲು ಹರಿಯುವಂತೆ ಒದರಿದೆ: “ಸಾವ್ಕಾರ್ರ, ನಿಮ್ಮ ಹೊಟ್ಟಿ ಒಳಗ ಬಂದು ಚಾ ಕುಡದ ಮ್ಯಾಲೆ ನೀವು ಬರ್ತೀರಿ!”

ಅವರ ಬೆನ್ನು ಕದಲಲಿಲ್ಲ. ನಾನು ಶುರುಮಾಡುವಾಗಲೇ ಈಚೆ ತಿರುಗಿದ್ದ ಕಸ್ತೂರಿ ಎಲ್ಲವನ್ನೂ ಕಂಡು ಬಿದ್ದು ಬಿದ್ದು ನಕ್ಕಳು.

ಸಾವುಕಾರರು ಹಿಂದೆ ತಿರುಗಿ ನನ್ನನ್ನು ಕಂಡು, ಕಾಕಿಯೂ ಸೇರಿ ನಮ್ಮ ಮೂವರನ್ನೂ ಅಂಗಳಕ್ಕೆ ಎಳೆತಂದರು. ಯಾಕೆ ನಕ್ಕೆ ಎಂದು ಕೈಯಲ್ಲಿ ಕೇಳಿದ್ದೇ ತಡ, ಆ ಪುಣ್ಯಾತ್ಗಿತ್ತಿ ಏನೂ ಬಿಡದೆ ಮಾಡಿ ತೋರಿಸಿದಳು. ಹೊಟ್ಟೆ ಬಾಗಿಲು ದಾಟಿತು, ಕೂತಿತು, ಚಹಾ ಕುಡಿಯಿತು, ಆಮೇಲೆ ಸಾವುಕಾರರು ಬಂದರು. ಕೊನೆಗೆ ಬೆರಳು ನನ್ನತ್ತ!

“ಖರೇನ ಹಿಂಗ ಒದರಿದ್ಯಾ?”

“ಹೌದ್ರಿ.”

“ಎಷ್ಟ ದೂರಿಂದ?”

“ಮೊಳದ ಅಂತರರಿ,” ಎಂದೆ, ನೆಲ ನೋಡುತ್ತ.

ಕಾಕಿ ಸೆರಗು ಸರಿಪಡಿಸಿಕೊಂಡಳು. “ಇವನ ಒದರಾಟ ನಿಮಗ ಕೇಳಲಿಲ್ಲ, ಆಕಿ ಕಣ್ಣಿಗೆ ಬಿತ್ತು. ಲಾಳಿ ಸಿಡದ್ರ ಮೊದಲ ಯಾರು ಸರೀತಾರ, ನೀವ ಹೇಳ್ರಿ.”

ಸಾವುಕಾರರು ಬಹಳ ಹೊತ್ತು ಮೀಸೆ ತಿರುವಿದರು. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕರು. ಕಸ್ತೂರಿಗೆ ಮಗ್ಗ ಸಿಕ್ಕಿತು, ನನಗೆ ವಾರವಿಡೀ ಎಲ್ಲರ ಚಹಾ ತರುವ ಶಿಕ್ಷೆ. ಸಾಲದೆಂಬಂತೆ ಕಂಬಕಂಬಕ್ಕೂ ಕೆಂಪು ದೀಪ ಬಂತು; ಅಪಾಯವಾದರೆ ಗುಂಡಿ ಒತ್ತಬೇಕು, ಎಲ್ಲೆಡೆ ಹೊತ್ತಿಕೊಳ್ಳಬೇಕು. ಅವಳಿಗಾಗಿ ಹಾಕಿದ ದೀಪ ಮೊದಲು ಉಳಿಸಿದ್ದು ನನ್ನ ತಲೆಯನ್ನು.

ಆದರೆ ಕರೆಂಟು ಹೋದಾಗ ಮಗ್ಗಗಳು ಸುಮ್ಮನಾಗುತ್ತಿದ್ದವು, ನಮ್ಮ ಬಾಯಿಗಳು ಬಿಚ್ಚಿಕೊಳ್ಳುತ್ತಿದ್ದವು. ನಾನು ಎಲ್ಲರ ದನಿ ತೆಗೆದು ನಗಿಸುತ್ತಿದ್ದೆ. ಕಸ್ತೂರಿಯೂ ನಗುತ್ತಿದ್ದಳು, ಒಂದು ರೆಪ್ಪೆ ಬಡಿಯುವಷ್ಟು ತಡವಾಗಿ, ಉಳಿದವರ ಮುಖ ನೋಡಿಕೊಂಡು. ಊರವರ ನಡಿಗೆಯನ್ನೆಲ್ಲ ಕದಿಯುವ ನನ್ನ ಕಣ್ಣಿಗೆ ಅದು ಬೀಳಲು ಒಂದು ತಿಂಗಳು ಬೇಕಾಯಿತು. ಕಾಕಿಗೆ ಹೇಳಿದೆ. ಅವಳು ನನ್ನ ತಲೆಗೊಂದು ಮೊಟಕಿದಳು. “ಹಂಗಾದ್ರ ಬಾಯಿ ಮುಚ್ಚಿ ಹೇಳಲೇ, ಮಂಗ್ಯಾ.” ಅಂದಿನಿಂದ ಕರೆಂಟು ಹೋದರೂ ಶೆಡ್ಡಿನಲ್ಲಿ ಕೈಗಳೇ ಮಾತನಾಡಿದವು.

ಮೊನ್ನೆಯ ಸಾಹೇಬರ ದನಿಯೂ ಕೊನೆಗೆ ಬಂತು. ಬಂದ ಕೂಡಲೇ ಅವರು ಮುಖ ಮರೆಮಾಡಿ ಬರೀ ಅಕ್ಷರದ ಚಿತ್ರಗಳನ್ನು ತೋರಿಸತೊಡಗಿದರು. ನಾನು ನಡುವೆ ಬಾಯಿ ಹಾಕಿದೆ: “ಸರ್, ನಿಮ್ಮ ಮುಖಾ ಕಾಣೂ ಹಂಗ ಮಾತಾಡ್ರಿ.”

“ಯಾಕೆ, ನನ್ನ ದನಿ ಬರುತ್ತಿಲ್ಲವೇ?”

“ನನಗ ಬರ್ತೈತ್ರಿ. ಕುಂತೋರಿಗೆಲ್ಲಾ ಬರ್ತೈತಿ ಅಂತ ಹೆಂಗ ತಿಳಕೊಂಡ್ರಿ?”

ಮುಖ ಮರಳಿ ಬಂತು, ಸ್ವಲ್ಪ ಕೆಂಪಗೆ.

ಸಂಜೆ ಈ ಕತೆ ಹೇಳಲು ಕಸ್ತೂರಿಗೆ ವಿಡಿಯೋ ಕಾಲ್ ಮಾಡಿದೆ. ಫೋನು ಬಂದರೆ ಉಳಿದವರೆಲ್ಲ ಶೆಡ್ಡು ಬಿಟ್ಟು ಬೀದಿಗೆ ಓಡಬೇಕು. ಅವಳು ಓಡುವ ಮಗ್ಗದ ಪಕ್ಕದಲ್ಲೇ ಫೋನನ್ನು ಕಂಬಕ್ಕೆ ಒರಗಿಸಿ ನಿಂತು, ಒಂದು ಕೈ ಚೌಕಟ್ಟಿನ ಮೇಲಿಟ್ಟು, ಇನ್ನೊಂದು ಕೈಯಲ್ಲಿ ನನ್ನನ್ನೇ ಅಣಕಿಸಿದಳು.