ಪಡುವಣ ಇಳಿಜಾರಿನ ಹುಲ್ಲು

ಚಳಿಗಾಲ ಬಂದರೆ ಸಾಣಾಪುರದ ಆಚೆಯ ಬಂಡೆಗುಡ್ಡದಲ್ಲಿ ಅಕ್ಕನಿಗೂ ನನಗೂ ಅರಣ್ಯ ಇಲಾಖೆಯ ಕೂಲಿ. ಇಬ್ಬರನ್ನೂ ಒಂದೇ ಮನೆಯ ಅಣ್ಣತಮ್ಮಂದಿರಿಗೆ ಕೊಟ್ಟಿದ್ದರು. ಕುಡುಗೋಲು ಹಿಡಿದು ಹೊರಡುವುದೂ ಜೊತೆಗೇ. ಗುಡ್ಡದ ಸುತ್ತ ಬಂಡಿದಾರಿಯಷ್ಟು ಅಗಲಕ್ಕೆ ಒಣಹುಲ್ಲು ಕೊಯ್ದು, ಮುಳ್ಳುಕಂಟಿ ಕಡಿದು, ಇಬ್ಬನಿ ಆರುವ ಮೊದಲೇ ಅಲ್ಲೇ ಸುಡುತ್ತಿದ್ದೆವು. ಬೇಸಿಗೆಯ ಬೆಂಕಿ ಆ ಬೋಳುಪಟ್ಟಿಯ ತನಕ ಬಂದು, ತಿನ್ನಲು ಏನೂ ಸಿಗದೆ ಆರಬೇಕು. ಸುಡುವಾಗ ಅಕ್ಕ ಸೀತಾಫಲದ ಗಿಡಗಳ ಬುಡಕ್ಕೆ ಉರಿ ತಾಗದಂತೆ ಕಾಲಿನಿಂದ ಕಸ ಸರಿಸುತ್ತಿದ್ದಳು. ಆ ಹಣ್ಣು ಒಯ್ದು ಗಂಗಾವತಿಯಲ್ಲಿ ಮಾರುವುದೆಂದರೆ ಅವಳಿಗೆ ಹಬ್ಬ.

ಒಂದು ವರ್ಷ ಮಳೆ ತಡವಾಗಿ ನಿಂತಿತು. ಹುಲ್ಲು ಒಣಗುವ ಹೊತ್ತಿಗೆ ಕಾಲುವೆ ಕೆಳಗಿನ ಗದ್ದೆಗಳಲ್ಲಿ ಕೊಯ್ಲು ಶುರುವಾಗಿ ಆಳುಗಳೆಲ್ಲ ಅತ್ತ ಹೋದರು. ಮೂಡಣ ಕಡೆ ಮುಗಿದಿತ್ತು, ಪಡುವಣ ಇಳಿಜಾರು ಹಾಗೇ ಉಳಿಯಿತು. ಸೊಂಟದ ಮಟ್ಟ ಬೆಳೆದ ಹುಲ್ಲು ನೋಡಿ ಅಕ್ಕ, "ಇದನ್ನ ಹಿಂಗ ಬಿಟ್ರ ಛಲೋ ಆಗಂಗಿಲ್ಲ" ಎಂದಳು. ನಾವಿಬ್ಬರೇ ಕೆಲವು ಮುಂಜಾನೆ ಕೊಯ್ದೆವು. ಒಂದು ಮೂಲೆಯೂ ಮುಗಿಯಲಿಲ್ಲ.

ಬೇಸಿಗೆಯ ಮಧ್ಯಾಹ್ನ, ಗದ್ದೆಯಲ್ಲಿ ಯಾರೋ ಭತ್ತದ ಕೂಳೆಗೆ ಇಟ್ಟ ಬೆಂಕಿ ಗಾಳಿಗೆ ಹಾರಿ ಅದೇ ಹುಲ್ಲಿಗೆ ಹತ್ತಿತು. ಊರವರೊಂದಿಗೆ ನಾವೂ ಹಸಿ ಟೊಂಗೆ ಹಿಡಿದು ಓಡಿದೆವು. ಮೇಲೆ ನಮ್ಮ ಮಾವ ಆಡು ಮೇಯಿಸುತ್ತಿದ್ದರು. ಅಕ್ಕ ತನ್ನ ಟೊಂಗೆಯನ್ನೂ ನನ್ನ ಕೈಗೆ ಕೊಟ್ಟಳು.

"ಮಾವಗ ಕಿವಿ ಕೇಳ್ಸಂಗಿಲ್ಲ. ನಾ ಕರ್ಕೊಂಡು ಬರ್ತೀನಿ, ನೀ ಇಲ್ಲೇ ಬಡಿ."

ಮಾವ ಬಂದರು, ಆಡುಗಳೂ ಬಂದವು. ಹೊಗೆ ಕಂಡೊಡನೆ ಅವರು ಮೂಡಣ ಕಡೆಗೆ ಹೋಗಿ, ನಾವು ಬೋಳು ಮಾಡಿದ್ದ ಪಟ್ಟಿ ಹಿಡಿದು ಇಳಿದಿದ್ದರು. ಅಕ್ಕನನ್ನು ಕಂಡೇ ಇರಲಿಲ್ಲ. ಉರಿ ಇಳಿದ ಮೇಲೆ ಅವಳು ಬಂಡೆಗಳ ಸಂದಿನಲ್ಲಿ ಕೂತಂತೆಯೇ ಸಿಕ್ಕಳು. ಮೈ ಸುಟ್ಟಿರಲಿಲ್ಲ, ಹೊಗೆ ಉಸಿರು ಕಟ್ಟಿಸಿತ್ತು. ಸೆರಗು ಮೂಗಿಗೆ ಒತ್ತಿಕೊಂಡೇ ಇದ್ದಳು.

ಮಾವ ಆಡು ಮಾರಿದರು, ಮತ್ತೆ ಗುಡ್ಡ ಹತ್ತಲಿಲ್ಲ. ಊಟಕ್ಕೆ ಕೂತಾಗ ನನ್ನ ಮುಖ ನೋಡಿ, "ಆಕಿ ನನ್ನ ಭಾಳ ಕೂಗಿರಬೇಕು" ಅನ್ನುತ್ತಿದ್ದರು. ನಾನು ತಲೆಯಾಡಿಸಿ ಇಲ್ಲವೆನ್ನುತ್ತಿದ್ದೆ.

ಈಗ ಕೊಯ್ಲಿಗೆ ಮೊದಲೇ, ಪಡುವಣದಿಂದಲೇ ಕೆಲಸ ಶುರು ಮಾಡುತ್ತೇವೆ. ಕಳೆದ ಬೇಸಿಗೆ ಮತ್ತೆ ಬಂದ ಬೆಂಕಿ ಪಟ್ಟಿಯ ಅಂಚಿಗೆ ಬಂದು ಆರಿತು. ಎಲ್ಲರೂ ನೆಮ್ಮದಿಯಿಂದ ನೀರು ಕುಡಿದರು. ನಾನು ಕುಡಿಯದೆ ಮನೆ ಕಡೆ ನಡೆದೆ. ಮನೆಗೆ ಬಂದಾಗ ಮಾವ ಬಾಗಿಲಲ್ಲೇ ನಿಂತಿದ್ದರು. ಆರಿತೆಂದು ಕೈ ಆಡಿಸಿ ತಿಳಿಸಿದೆ. ಅವರು ಒಳಗೆ ಹೋಗಿ, ಗೋಡೆಯ ಕಡೆ ಹೊರಳಿ ಮಲಗಿದರು.