ಕಿಟಕಿಯಿಲ್ಲದ ವಿಮಾನಕ್ಕೆ ಪರದೆ

ನನ್ನ ಸೋದರತ್ತೆ ಮೂವತ್ತು ವರ್ಷದಿಂದ ಕಾರ್ಖಾನೆಯೊಂದರಲ್ಲಿ ವಿಮಾನದ ಸೀಟುಗಳಿಗೆ ಬಟ್ಟೆ, ಕಿಟಕಿಗಳಿಗೆ ಪರದೆ ಹೊಲಿಯುತ್ತಿದ್ದಾಳೆ. ಒಮ್ಮೆಯೂ ವಿಮಾನ ಹತ್ತಿದವಳಲ್ಲ. ಯಂತ್ರದ ಮುಂದೆ ಬಗ್ಗಿ ಬಗ್ಗಿ ಅವಳ ಸೊಂಟ ಎಷ್ಟು ಹದಗೆಟ್ಟಿದೆಯೆಂದರೆ, ಎರಡು ಗಂಟೆಗಿಂತ ಹೆಚ್ಚು ಕೂತರೆ ಎಬ್ಬಿಸಲು ಇಬ್ಬರು ಬೇಕು. ಅವಳ ಅಕ್ಕ ಇರುವುದು ಸಮುದ್ರದಾಚೆ, ಹನ್ನೊಂದು ಗಂಟೆ ಹಾರಿದರೆ ಸಿಗುವ ಊರಿನಲ್ಲಿ. ಅಕ್ಕನ ಹೃದಯ ಸರಿಯಿಲ್ಲ, ಅವಳೂ ಬರುವಂತಿಲ್ಲ. ಇಪ್ಪತ್ತೆರಡು ವರ್ಷದಿಂದ ಇಬ್ಬರೂ ಮುಖ ನೋಡದೆ ಫೋನಿನಲ್ಲೇ ಜಗಳವಾಡಿಕೊಂಡಿದ್ದಾರೆ.

ಹೀಗಿರುವಾಗ ಕಾರ್ಖಾನೆಗೆ ಹೊಸ ಕೆಲಸ ಬಂತು. ಶಬ್ದದ ಆರು ಪಟ್ಟು ವೇಗದಲ್ಲಿ ಹಾರುವ ಪ್ರಯಾಣಿಕರ ವಿಮಾನ. ಆ ಹನ್ನೊಂದು ಗಂಟೆಯ ದಾರಿ ಅದಕ್ಕೆ ಒಂದೂಮುಕ್ಕಾಲು ಗಂಟೆ. ಅತ್ತೆ ಅಂದು ಮನೆಗೆ ನಡೆದು ಬರಲಿಲ್ಲ, ತೇಲಿ ಬಂದಳು.

"ಬೆಳಿಗ್ಗೆ ಬಟ್ಟೆ ಒಣಹಾಕಿ ಹೊರಟ್ರೆ, ಅಕ್ಕನ ಹತ್ರ ಬೈಸ್ಕೊಂಡು, ಅದು ಒಣಗೋದ್ರೊಳಗೆ ವಾಪಸ್ ಬರ್ತೀನಿ ಕಣೇ," ಎಂದಳು.

ಆದರೆ ಅಷ್ಟು ವೇಗಕ್ಕೆ ವಿಮಾನದ ಹೊರಮೈ ಕಾದ ಕಾವಲಿಯಾಗುತ್ತದಂತೆ. ಕಿಟಕಿ ಇಡುವಂತಿಲ್ಲ. ಶೆಡ್ಡಿನಲ್ಲಿ ಮಾದರಿ ಕ್ಯಾಬಿನ್ ಕಟ್ಟಿ ಜನರನ್ನು ಕೂರಿಸಿ ನೋಡಿದರು. ಎರಡು ಸಲವೂ ಇಪ್ಪತ್ತು ನಿಮಿಷಕ್ಕೇ ಜನ ಉಸಿರುಕಟ್ಟಿದಂತಾಗಿ ಬಾಗಿಲು ಬಡಿದರು. ಮೂರನೆಯ ಸಲವೂ ಹೀಗಾದರೆ ಯೋಜನೆಗೇ ಬೀಗ ಎಂದರು ಮಾಲೀಕರು. ಅತ್ತೆಗೆ ಊಟ ಸೇರಲಿಲ್ಲ.

ಮೂರನೆಯ ಪರೀಕ್ಷೆಗೆ ಎಲ್ಲವನ್ನೂ ಹೊಸದಾಗಿ ಹೊಲಿಯಲು ಅವಳಿಗೇ ಹೇಳಿದರು. ಅವಳೋ ಹಾಡು ಗುನುಗುತ್ತಾ, ಮನಸ್ಸನ್ನು ಅಕ್ಕನ ಮನೆಯಲ್ಲಿಟ್ಟು, ಕೈಯನ್ನು ಮಾತ್ರ ಯಂತ್ರದ ಮೇಲಿಟ್ಟು ಹೊಲಿದಳು. ಎರಡು ಸೀಟಿಗೆ ಒಂದು ಪರದೆ, ಇದು ಅವಳ ಕೈಗೆ ಮೂವತ್ತು ವರ್ಷದ ಲೆಕ್ಕ. ಎಪ್ಪತ್ತು ಸೀಟು, ಮೂವತ್ತೈದು ಪರದೆ. ಜೋಡಿಸುವವರಿಗೆ ಅವಳನ್ನು ಪ್ರಶ್ನಿಸುವ ಧೈರ್ಯ ಎಲ್ಲಿಂದ ಬರಬೇಕು? ಬೋಳು ಗೋಡೆಗೆ ಮೊಳೆ ಹೊಡೆದು ನೀಟಾಗಿ ನೇತುಹಾಕಿದರು.

ಪರೀಕ್ಷೆಯ ದಿನ ಮುಖ್ಯ ಎಂಜಿನಿಯರ್ ಒಳಗೆ ಬಂದು ನಿಂತಲ್ಲೇ ನಿಂತರು.

"ಅಮ್ಮಾ, ಕಿಟಕಿನೇ ಇಲ್ವಲ್ಲ, ಪರದೆ ಯಾಕೆ?"

ಅತ್ತೆ ನಾಲಿಗೆ ಕಚ್ಚಿಕೊಂಡಳು. ಬಿಚ್ಚೋಣವೆಂದರೆ ಎಪ್ಪತ್ತು ಜನ ಬಾಗಿಲಲ್ಲೇ ಸಾಲುಗಟ್ಟಿದ್ದರು. ಆ ಎಪ್ಪತ್ತರಲ್ಲಿ ನಾನೂ ಒಬ್ಬಳು.

ಬಾಗಿಲು ಮುಚ್ಚಿತು. ಇಪ್ಪತ್ತು ನಿಮಿಷ ಕಳೆಯಿತು, ಯಾರೂ ಏಳಲಿಲ್ಲ. ನನ್ನ ಪಕ್ಕ ಕೂತಿದ್ದ ನಮ್ಮೂರ ಶಾಲೆಯ ಮೇಷ್ಟ್ರು ಮೆಲ್ಲಗೆ ಪರದೆ ಸರಿಸಿ, ಗೋಡೆ ನೋಡಿ, ಮತ್ತೆ ಮುಚ್ಚಿದರು.

"ಏನ್ ಕಾಣ್ತು ಮೇಷ್ಟ್ರೇ?" ಎಂದೆ.

"ಮೋಡ," ಎಂದರು ಗಂಭೀರವಾಗಿ.

ಹಿಂದಿನ ಸಾಲಿನಾಕೆ ಬಿಸಿಲು ಬರುತ್ತೆ ಎಂದು ತನ್ನ ಪರದೆ ಎಳೆದುಕೊಂಡಳು. ಆಮೇಲೆ ಇಡೀ ಕ್ಯಾಬಿನ್ನೇ ಆಟಕ್ಕಿಳಿಯಿತು. ಒಬ್ಬರಿಗೆ ಹಡಗು ಕಂಡಿತು, ಇನ್ನೊಬ್ಬರಿಗೆ ಅವರ ಅತ್ತೆಮನೆ. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳುವಷ್ಟರಲ್ಲಿ ಒಂದೂಮುಕ್ಕಾಲು ಗಂಟೆ ಮುಗಿದಿತ್ತು. ಎಂಜಿನಿಯರು ಅತ್ತೆಯ ಕೈ ಕುಲುಕಿದ್ದೇ ಕುಲುಕಿದ್ದು.

"ಹಂಗಾದ್ರೆ ಯಾವಾಗ ಹೊರಡುತ್ತೆ?" ಎಂದಳು ಅತ್ತೆ.

ಅವರು ಕೈ ಬಿಟ್ಟರು. "ಜನ ಕೂರ್ತಾರೆ ಅಂತ ಗೊತ್ತಾಯ್ತಮ್ಮ. ಎಂಜಿನ್ ಮಾತ್ರ ಇನ್ನೂ ನಾಲ್ಕು ನಿಮಿಷಕ್ಕಿಂತ ಜಾಸ್ತಿ ಉರಿದಿಲ್ಲ. ಹೊರಮೈಗೆ ಕಾವು ತಡೆಯೋ ಲೋಹ ಸಿಗಬೇಕು, ಟಿಕೆಟ್ಟು ಜನರ ಕೈಗೆಟುಕಬೇಕು. ಎಲ್ಲಾ ಸರಿಹೋದ್ರೆ ಹದಿನೈದು ವರ್ಷ."

ಅತ್ತೆಗೆ ಈಗ ಅರವತ್ತು, ಅಕ್ಕನಿಗೆ ಅರವತ್ತೊಂಬತ್ತು. ನಾನು ಮನಸ್ಸಿನಲ್ಲೇ ಹದಿನೈದು ಕೂಡಿಸಿದೆ. ಅವಳು ಮಾತ್ರ ಅಲ್ಲೇ ಸೀಟಿನಲ್ಲಿ ಕೂತು ಅಕ್ಕನಿಗೆ ಫೋನು ಹಚ್ಚಿದಳು.

"ಅಕ್ಕಾ, ವಿಮಾನದಲ್ಲಿ ಕೂತಾಯ್ತು. ಹೊರಡೋದು ಸ್ವಲ್ಪ ತಡ, ಹದಿನೈದು ವರ್ಷ ಆಗುತ್ತಂತೆ."

ಆ ಕಡೆಯಿಂದ ಅಕ್ಕ ಎಷ್ಟು ಜೋರಾಗಿ ನಕ್ಕಳೆಂದರೆ ನನಗೂ ಕೇಳಿಸಿತು.

"ಸರಿ, ಅಲ್ಲೀವರೆಗೂ ನಾನು ಇರ್ತೀನಿ," ಎಂದಳು ಅಕ್ಕ. "ನೀನು ಎದ್ದು ಹೋಗ್ಬೇಡ."